ಪಿಕಪ್‌ನ ಮುಂಭಾಗಕ್ಕೆ ಅಡ್ಜಸ್ಟಬಲ್ ಕಾಯಿಲ್‌ಓವರ್: ರಿಂಗ್ ತಿರುಗಿಸುವ ಮುನ್ನ, ತಿರುಗಿಸಿದ ಮೇಲೆ

ಕಾಯಿಲ್‌ಓವರ್ ಎಂದರೆ ಶಾಕ್ (ಗಾಡಿಯ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಮತ್ತು ಅದರ ಸುತ್ತ ಕೂತ ಸ್ಪ್ರಿಂಗ್ ಸೇರಿದ ಜೋಡಣೆ; ಅಡ್ಜಸ್ಟಬಲ್ ಆದರೆ ಸ್ಪ್ರಿಂಗ್ ಕೂರುವ ರಿಂಗನ್ನು ಶಾಕಿನ ಥ್ರೆಡ್ ಮೇಲೆ ತಿರುಗಿಸಿ ಸರಿಸಬಹುದು. ರಿಂಗ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ವರ್ಕ್‌ಶಾಪುಗಳಲ್ಲೂ ಇದೆ. ಆಗುವುದಿಲ್ಲ. ಸ್ಪ್ರಿಂಗಿನ ಗಡಸುತನ ಅದರ ತಂತಿಯ ದಪ್ಪ, ಸುತ್ತಿನ ಅಗಲ ಮತ್ತು ಸುತ್ತುಗಳ ಸಂಖ್ಯೆಯಿಂದ ಬಂದದ್ದು. ಗಾಡಿಯ ಭಾರ ಮೊದಲಿನಷ್ಟೇ ಇರುವುದರಿಂದ, ಆ ಭಾರ ಹೊತ್ತು ನಿಂತ ಸ್ಪ್ರಿಂಗಿನ ಉದ್ದವೂ ಮೊದಲಿನಷ್ಟೇ ಇರುತ್ತದೆ. ಬದಲಾಗುವುದು ಸ್ಪ್ರಿಂಗ್ ಕೂರುವ ಜಾಗ. ರಿಂಗ್ 10 ಮಿ.ಮೀ. ಸರಿದರೆ ಶಾಕ್ 10 ಮಿ.ಮೀ. ಹೊರಗೆ ಚಾಚಿಕೊಳ್ಳುತ್ತದೆ, ಗಾಡಿ ಮೇಲೇಳುತ್ತದೆ. ಅಷ್ಟೇ.

ಹೀಗೆ ಸಿಕ್ಕ ಎತ್ತರ ಪುಕ್ಕಟೆಯಲ್ಲ. ಶಾಕಿನ ಒಟ್ಟು ಉದ್ದ ಬೆಳೆದಿಲ್ಲ. ಗುಂಡಿ ಬಂದಾಗ ಚಕ್ರ ಕೆಳಗಿಳಿಯಲು ಇದ್ದ ಜಾಗವನ್ನು ಕಡಿಮೆ ಮಾಡಿ ಎತ್ತರ ಪಡೆದಿದ್ದೀರಿ. ಇದೊಂದು ಲೆಕ್ಕ ತಲೆಯಲ್ಲಿದ್ದರೆ ಮುಂದಿನ ಅರ್ಧ ತಪ್ಪುಗಳು ತಪ್ಪುತ್ತವೆ.

ಯಾವ ಗಾಡಿಗೆ, ಯಾವ ಸ್ಪ್ರಿಂಗ್

ಇಲ್ಲಿ ಹೇಳುವುದೆಲ್ಲ ಮುಂದೆ ಮೇಲೊಂದು ಕೆಳಗೊಂದು ಆರ್ಮ್ (ಚಕ್ರವನ್ನು ಚಾಸಿಸ್ಸಿಗೆ ಜೋಡಿಸುವ ತೋಳು) ಇದ್ದು, ನಡುವೆ ಶಾಕಿನ ಸುತ್ತ ಸ್ಪ್ರಿಂಗ್ ಕೂತಿರುವ ಪಿಕಪ್‌ಗಳಿಗೆ: ಈಗಿನ ಹೈಲಕ್ಸ್, ಟಕೋಮಾ, ರೇಂಜರ್ ಮಾದರಿಯವು. ಸ್ಪ್ರಿಂಗಿನ ಬದಲು ಟಾರ್ಷನ್ ಬಾರ್ (ತಿರುಚಿಕೊಂಡು ಭಾರ ಹೊರುವ ಸರಳು) ಇರುವ ಹಳೆಯ ಗಾಡಿಗಳಿಗೂ, ಮುಂದೆ ಇಡೀ ಆಕ್ಸಲ್ ಇರುವ ಭಾರಿ ಗಾಡಿಗಳಿಗೂ ಈ ಕ್ರಮ ಹೊಂದುವುದಿಲ್ಲ.

ಸ್ಪ್ರಿಂಗಿನ ಮೇಲೆ 600 ಎಂದಿದ್ದರೆ ಅದನ್ನು ಒಂದು ಇಂಚು ಅದುಮಲು 600 ಪೌಂಡ್ ಬೇಕು ಎಂದರ್ಥ. ಮಿಲಿಮೀಟರಿಗೆ ಸುಮಾರು 10.7 ಕೆ.ಜಿ. ಆದರೆ ಶಾಕ್ ನಿಂತಿರುವುದು ಆರ್ಮಿನ ನಡುವೆ, ಚಕ್ರ ಇರುವುದು ತುದಿಯಲ್ಲಿ. ಚಕ್ರ 10 ಮಿ.ಮೀ. ಏರಿದರೆ ಶಾಕ್ ಹೆಚ್ಚುಕಡಿಮೆ 6 ಮಿ.ಮೀ. ಅದುಮುತ್ತದೆ. ಈ 0.6ರ ಅನುಪಾತ ಗಾಡಿಯಿಂದ ಗಾಡಿಗೆ ಸ್ವಲ್ಪ ಬದಲಾಗುತ್ತದೆ. ಚಕ್ರದ ಬಳಿಯ ಗಡಸುತನ ತಿಳಿಯಲು ಅನುಪಾತವನ್ನು ಎರಡು ಸಲ ಗುಣಿಸಬೇಕು: 10.7 × 0.6 × 0.6, ಅಂದರೆ ಮಿಲಿಮೀಟರಿಗೆ ಸುಮಾರು 3.85 ಕೆ.ಜಿ. ಉಕ್ಕಿನ ಬಂಪರ್ ಹಾಕಿಸಿ ಒಂದೊಂದು ಚಕ್ರಕ್ಕೆ 35 ಕೆ.ಜಿ. ಹೆಚ್ಚಾದರೆ ಮೂತಿ ಕುಸಿಯುವುದು 9 ಮಿ.ಮೀ. ಮಾತ್ರ. ಇಷ್ಟಕ್ಕೆ ಗಟ್ಟಿ ಸ್ಪ್ರಿಂಗ್ ಬೇಕಿಲ್ಲ, ರಿಂಗ್ ಸಾಕು. ಉಕ್ಕಿನ ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಯಂತ್ರ), ಎರಡನೇ ಬ್ಯಾಟರಿ ಮೂರೂ ಸದಾ ಇರುವುದಾದರೆ ಮಾತ್ರ ಮುಂದಿನ ದರ್ಜೆಯ ಗಟ್ಟಿ ಸ್ಪ್ರಿಂಗಿಗೆ ಹೋಗಿ. ಮುಂದೆಂದೋ ವಿಂಚ್ ಹಾಕಿಸುವ ಆಸೆಯಿಂದ ಇಂದೇ ಗಟ್ಟಿ ಸ್ಪ್ರಿಂಗ್ ಕೊಂಡರೆ ಅಲ್ಲಿಯವರೆಗೂ ನೀವು ಕೂತಿರುವುದು ಗಾಡಿಯಲ್ಲಲ್ಲ, ಎತ್ತಿನ ಬಂಡಿಯಲ್ಲಿ.

ಎಷ್ಟು ಎತ್ತರ? ಫೋರ್ ವೀಲ್ ಡ್ರೈವ್ ಗಾಡಿಗೆ 50ರಿಂದ 65 ಮಿ.ಮೀ.ಗೆ ನಿಲ್ಲುವುದು ಜಾಣತನ. 75 ದಾಟಿದರೆ ಚಕ್ರಕ್ಕೆ ಎಂಜಿನ್ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಸಿ.ವಿ. ಜಾಯಿಂಟುಗಳು (ಬಾಗಿದರೂ ತಿರುಗುವ ಕೀಲುಗಳು) ಕಡಿದಾದ ಕೋನದಲ್ಲಿ ತಿರುಗುತ್ತವೆ. ಮೊದಲು ರಬ್ಬರ್ ಬೂಟ್ ಸೀಳಿ ಗ್ರೀಸ್ ಚೆಲ್ಲುತ್ತದೆ, ಆಮೇಲೆ ಜಾಯಿಂಟೇ ಹೋಗುತ್ತದೆ. ಕಂಪನಿಯಿಂದ ಬಂದ ಮೇಲಿನ ಆರ್ಮ್ ಚಕ್ರ ಪೂರ್ತಿ ಇಳಿಬಿದ್ದಾಗ ಸ್ಪ್ರಿಂಗಿಗೆ ತಾಗುವುದೂ ಈ ಹಂತದಲ್ಲೇ. ಅಷ್ಟು ಎತ್ತರ ಬೇಕೇ ಬೇಕೆಂದರೆ ಮೇಲಿನ ಆರ್ಮುಗಳನ್ನೂ ಬದಲಿಸುವ ಲೆಕ್ಕ ಹಾಕಿಕೊಳ್ಳಿ.

ಬಿಚ್ಚುವ ಮೊದಲು

ಸಮತಟ್ಟಾದ ನೆಲ, ಎರಡು ಗಟ್ಟಿ ಸ್ಟ್ಯಾಂಡ್, ಜಾಕ್, ಟಾರ್ಕ್ ವ್ರೆಂಚ್ (ಬಿಗಿ ಅಳೆಯುವ ಸ್ಪ್ಯಾನರ್), ಬಾಲ್ ಜಾಯಿಂಟ್ ಪುಲ್ಲರ್ (ಆರ್ಮಿನ ತುದಿಯ ಗುಂಡು ಕೀಲನ್ನು ಬಿಡಿಸುವ ಸಾಧನ), ಉದ್ದನೆಯ ಸರಳು, ಹೊಸ ಕಾಟರ್ ಪಿನ್‌ಗಳು (ನಟ್ ಸಡಿಲವಾಗದಂತೆ ತಡೆಯುವ ಪಿನ್), ಹೊಸ ಲಾಕ್ ನಟ್‌ಗಳು, ಕಿಟ್ ಜೊತೆ ಬರುವ ಕೊಕ್ಕೆ ಸ್ಪ್ಯಾನರ್. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಬಿಡಿ.

ನಾಲ್ಕೂ ಚಕ್ರಗಳಲ್ಲಿ ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎಷ್ಟಿದೆ ಎಂದು ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಕೆಳಗಿನ ಆರ್ಮಿನ ಕ್ಯಾಮ್ ಬೋಲ್ಟುಗಳು (ಚಕ್ರದ ಕೋನ ಹೊಂದಿಸುವ ಬೋಲ್ಟುಗಳು) ಈಗ ಎಲ್ಲಿವೆ ಎಂದು ಪೇಂಟಿನಿಂದ ಗುರುತು ಹಾಕಿ.

ಹೊಸ ಕಾಯಿಲ್‌ಓವರ್‌ಗಳನ್ನು ಅಕ್ಕಪಕ್ಕ ಮಲಗಿಸಿ ನೋಡಿ. ಕೆಲವು ಕಿಟ್‌ಗಳಲ್ಲಿ ಎಡ ಬಲ ಬೇರೆ ಬೇರೆ. ಮೇಲಿನ ಮೂರು ಸ್ಟಡ್‌ಗಳಿಗೂ ಕೆಳಗಿನ ಕಣ್ಣಿಗೂ (ಬೋಲ್ಟ್ ತೂರುವ ತೂತು) ಇರುವ ಕೋನ ಹಳೆಯದಕ್ಕೆ ಹೊಂದಬೇಕು. ರಿಂಗಿನಿಂದ ಥ್ರೆಡ್ ಶುರುವಾಗುವ ಜಾಗಕ್ಕಿರುವ ಅಂತರವನ್ನು ಎರಡರಲ್ಲೂ ಅಳೆದು ಬರೆದುಕೊಳ್ಳಿ. ಮುಂದೆ ಗಾಡಿ ಒಂದು ಕಡೆ ವಾಲಿದೆ ಎನಿಸಿದಾಗ ಹಿಂತಿರುಗಲು ಒಂದು ನೆಲೆ ಬೇಕಲ್ಲ.

ಒಂದು ಎಚ್ಚರಿಕೆ: ಹಳೆಯ ಜೋಡಣೆಯ ನೆತ್ತಿಯಲ್ಲಿ, ನಡುಮಧ್ಯದಲ್ಲಿರುವ ನಟ್ ಮುಟ್ಟಬೇಡಿ. ಅದರ ಕೆಳಗೆ ಸ್ಪ್ರಿಂಗ್ ಅದುಮಿ ಕೂತಿದೆ. ಬಿಚ್ಚಿದರೆ ಪ್ರಾಣಕ್ಕೇ ಅಪಾಯ. ಸುತ್ತಲಿನ ಮೂರು ನಟ್‌ಗಳು ಮಾತ್ರ ನಮ್ಮವು. ಹಾಗೆಯೇ ಹೊರಗೆ ಟ್ಯಾಂಕ್ ಇರುವ ಶಾಕ್‌ಗಳಲ್ಲಿ ಒತ್ತಡದ ನೈಟ್ರೋಜನ್ ಇರುತ್ತದೆ, ಹೋಸ್ ಬಿಚ್ಚುವ ಮಾತೇ ಬೇಡ.

ಇಳಿಸುವುದು, ಏರಿಸುವುದು

ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಮುಂಭಾಗದ ಎರಡೂ ಬದಿಯನ್ನು ಒಟ್ಟಿಗೆ ಎತ್ತಿ ಚಾಸಿಸ್ಸನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿ, ಮುಂದಿನ ಚಕ್ರಗಳನ್ನು ಕಳಚಿ. ಆಂಟಿ ರೋಲ್ ಬಾರಿನ (ತಿರುವಿನಲ್ಲಿ ಗಾಡಿ ವಾಲದಂತೆ ಎರಡೂ ಬದಿಯನ್ನು ಜೋಡಿಸುವ ಸರಳು) ಲಿಂಕ್‌ಗಳನ್ನು ಎರಡೂ ಕಡೆ ಬಿಚ್ಚಿ. ಒಂದೇ ಕಡೆ ಬಿಚ್ಚಿದರೆ ತಿರುಚಿಕೊಂಡ ಬಾರ್ ಆರ್ಮಿನ ಜೊತೆ ಹಗ್ಗಜಗ್ಗಾಟ ಆಡುತ್ತದೆ. ‘ಬೋಲ್ಟ್ ತೂತಿಗೆ ಬರುತ್ತಿಲ್ಲ’ ಎಂದು ಅರ್ಧ ಗಂಟೆ ಒದ್ದಾಡುವವರ ಸಮಸ್ಯೆ ಹೆಚ್ಚಾಗಿ ಇದೇ.

ಬ್ರೇಕ್ ಹೋಸ್ ಮತ್ತು ಎ.ಬಿ.ಎಸ್. ವೈರಿನ ಕ್ಲಿಪ್ಪುಗಳನ್ನು ನಕಲ್ (ಚಕ್ರದ ಹಬ್ ಹೊತ್ತಿರುವ ಲೋಹದ ಭಾಗ) ಮತ್ತು ಮೇಲಿನ ಆರ್ಮಿನಿಂದ ಬಿಡಿಸಿ. ಕೆಳಗಿನ ಆರ್ಮಿಗೆ ಜಾಕಿನ ಆಸರೆ ಕೊಟ್ಟು ಮೇಲಿನ ಬಾಲ್ ಜಾಯಿಂಟಿನ ನಟ್ ಸಡಿಲಿಸಿ, ಆದರೆ ಎರಡು ಮೂರು ಸುತ್ತು ಉಳಿಸಿಕೊಳ್ಳಿ. ಪುಲ್ಲರ್ ಹಾಕಿ ಜಾಯಿಂಟ್ ‘ಠಪ್’ ಎಂದು ಬಿಟ್ಟ ಮೇಲೆ ನಟ್ ಪೂರ್ತಿ ತೆಗೆಯಿರಿ. ತೆಗೆದ ಕ್ಷಣ ನಕಲ್ ಹೊರಕ್ಕೆ ವಾಲುತ್ತದೆ. ಅದನ್ನು ಹಗ್ಗದಿಂದ ಚಾಸಿಸ್ಸಿಗೆ ಕಟ್ಟಿ. ಕಟ್ಟದಿದ್ದರೆ ಭಾರ ಬ್ರೇಕ್ ಹೋಸಿನ ಮೇಲೆ ಬೀಳುತ್ತದೆ, ಡ್ರೈವ್ ಶಾಫ್ಟಿನ ಒಳ ಜಾಯಿಂಟ್ ಕಳಚಿಕೊಳ್ಳುತ್ತದೆ.

ಮೇಲಿನ ಮೂರು ನಟ್‌ಗಳಲ್ಲಿ ಎರಡು ತೆಗೆದು, ಒಂದನ್ನು ತುದಿಯಲ್ಲಿ ಬಿಡಿ. ಕೆಳಗಿನ ಬೋಲ್ಟ್ ಹೊರತೆಗೆದು, ಆರ್ಮನ್ನು ಸರಳಿನಿಂದ ಕೆಳಗೊತ್ತಿ, ಶಾಕ್ ಹಿಡಿದುಕೊಂಡು ಕೊನೆಯ ನಟ್ ಬಿಡಿಸಿ ಇಳಿಸಿ. ಹೊಸದು ಏರುವುದು ಇದೇ ದಾರಿಯಲ್ಲಿ, ತಿರುವುಮುರುವಾಗಿ. ಮೇಲಿನ ನಟ್‌ಗಳು ಮೊದಲು ಕೈಬಿಗಿ ಮಾತ್ರ, ನಂತರ ಕೆಳಗಿನ ಬೋಲ್ಟ್, ಆಮೇಲೆ ಬಾಲ್ ಜಾಯಿಂಟ್ ಮತ್ತು ಹೊಸ ಪಿನ್. ಮೇಲಿನ ಸ್ಟಡ್‌ಗಳಿಗೆ ಇಂಪ್ಯಾಕ್ಟ್ ಗನ್ ಹಿಡಿಯಬೇಡಿ, ಮುರಿಯುತ್ತವೆ.

ಬಿಗಿಯ ಅಳತೆಗೆ ಆಯಾ ಗಾಡಿಯ ಸರ್ವೀಸ್ ಮ್ಯಾನ್ಯುಯಲ್ಲೇ ಪ್ರಮಾಣ. ಆದರೆ ಯಾವಾಗ ಬಿಗಿ ಮಾಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಆರ್ಮಿನ ಬುಡದ ಬೋಲ್ಟ್ ಸುತ್ತ ಇರುವ ರಬ್ಬರ್ ಬುಷ್‌ಗಳು ಜಾರುವುದಿಲ್ಲ, ತಿರುಚಿಕೊಳ್ಳುತ್ತವೆ. ಚಕ್ರ ಜೋತಾಡುತ್ತಿರುವಾಗಲೇ ಅವುಗಳ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಬೇಗ ಹರಿಯುತ್ತದೆ, ಅಲ್ಲಿಯವರೆಗೆ ಎತ್ತರವನ್ನೂ ಸುಳ್ಳು ತೋರಿಸುತ್ತದೆ. ಆದ್ದರಿಂದ ಆರ್ಮಿನ ಬೋಲ್ಟುಗಳು, ಶಾಕಿನ ಕೆಳಗಣ್ಣಿನಲ್ಲಿ ರಬ್ಬರ್ ಬುಷ್ ಇದ್ದರೆ ಅದರದ್ದು, ಇವುಗಳ ಕೊನೆಯ ಬಿಗಿ ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ. ಕೆಳಗಣ್ಣಿನಲ್ಲಿ ಲೋಹದ ಗೋಳ ಬೇರಿಂಗ್ ಇದ್ದರೆ ಅದಕ್ಕೆ ಈ ಚಿಂತೆಯಿಲ್ಲ.

ಎತ್ತರ ಹೊಂದಿಸುವುದು

ಗಾಡಿಯನ್ನು ಇಳಿಸಿ, ಮೂತಿಯನ್ನು ನಾಲ್ಕೈದು ಸಲ ಒತ್ತಿ ಬಿಟ್ಟು, ಹತ್ತು ಮೀಟರ್ ಹಿಂದೆ ಮುಂದೆ ಓಡಿಸಿ. ಇಳಿಸಿದ ಕೂಡಲೇ ಅಳೆದರೆ ಟೈರುಗಳು ಒಳಮುಖವಾಗಿ ಸಿಕ್ಕಿಕೊಂಡು ಗಾಡಿಯನ್ನು ಎತ್ತಿ ಹಿಡಿದಿರುತ್ತವೆ. ಈಗ ಮತ್ತೆ ಹಬ್ಬಿನಿಂದ ಮಡ್‌ಗಾರ್ಡಿಗೆ ಅಳೆಯಿರಿ.

ಬದಲಿಸಬೇಕೆಂದರೆ ಚಕ್ರ ಮೇಲೆತ್ತಿ, ಥ್ರೆಡ್ಡನ್ನು ನೈಲಾನ್ ಬ್ರಷ್‌ನಿಂದ ಉಜ್ಜಿ, ಒಣ ಲೂಬ್ರಿಕೆಂಟ್ ಹಚ್ಚಿ, ರಿಂಗಿನ ಚಿಕ್ಕ ಲಾಕ್ ಸ್ಕ್ರೂ ಸಡಿಲಿಸಿದ ಮೇಲೆ ತಿರುಗಿಸಿ. ಲಾಕ್ ಸ್ಕ್ರೂ ಮರೆತು ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ, ಆಮೇಲೆ ಇಡೀ ಶಾಕ್ ಬಾಡಿಯನ್ನೇ ಬದಲಿಸಬೇಕಾಗುತ್ತದೆ. ಥ್ರೆಡ್ 2 ಮಿ.ಮೀ.ನದಾದರೆ ಐದು ಸುತ್ತಿಗೆ 10 ಮಿ.ಮೀ., ಚಕ್ರದ ಬಳಿ ಸುಮಾರು 17 ಮಿ.ಮೀ. ಎಡಬಲದ ವ್ಯತ್ಯಾಸ 5 ಮಿ.ಮೀ. ಒಳಗೆ ಬಂದರೆ ಸಾಕು. ಡ್ರೈವರ್ ಕೂರುವ ಬದಿಗೆ, ಪೆಟ್ರೋಲ್ ಅಥವಾ ಡೀಸೆಲ್ ಟ್ಯಾಂಕಿನ ಬದಿಗೆ ಒಂದೆರಡು ಸುತ್ತು ಹೆಚ್ಚು ಬೇಕಾಗುವುದು ಸಹಜ.

ಕೊನೆಯದಾಗಿ ಚಕ್ರವನ್ನು ಪೂರ್ತಿ ಜೋಲುಬಿಟ್ಟು ಅದೇ ಅಳತೆ ತೆಗೆದುಕೊಳ್ಳಿ. ನಿಂತಾಗಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ನಿಮಗೆ ಉಳಿದಿರುವ ಇಳಿಜಾಗ. ಒಟ್ಟು ಚಲನೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉಳಿದಿದ್ದರೆ ರಿಂಗ್ ಇಳಿಸಿ. ಸ್ಪೀಡ್ ಬ್ರೇಕರ್ ದಾಟಿದ ಮೇಲೆ, ಚಕ್ರ ಕೆಳಗಿಳಿಯುವಾಗ ‘ಟಣ್’ ಎಂದರೆ ಶಾಕ್ ತನ್ನ ಕೊನೆಗೆ ಬಡಿಯುತ್ತಿದೆ. ಇದನ್ನು ಬುಷ್ ಸಡಿಲವೆಂದುಕೊಂಡು ಒಂದೊಂದೇ ಭಾಗ ಬದಲಿಸುತ್ತ ಹೋಗುವವರಿದ್ದಾರೆ.

ಶಾಕ್ ಅದುಮುವ, ಮರಳುವ ವೇಗ ಹೊಂದಿಸುವ ಕ್ಲಿಕ್ಕುಗಳ ಗುಬಟು ಇದ್ದರೆ ಬಲಕ್ಕೆ ಪೂರ್ತಿ ಮುಚ್ಚಿ, ಅಲ್ಲಿಂದ ಹೊರಕ್ಕೆ ಎಣಿಸಿ, ನಡುವಿನಲ್ಲಿ ಶುರುಮಾಡಿ. ಒಂದು ಸಲಕ್ಕೆ ಎರಡೇ ಕ್ಲಿಕ್, ಎರಡೂ ಬದಿ ಸಮ, ಪ್ರತಿ ಸಲವೂ ಅದೇ ರಸ್ತೆ. ಸಣ್ಣ ಉಬ್ಬುತಗ್ಗು ಕೈಗೆ ಚುಚ್ಚಿದರೆ ಅದುಮುವ ಬದಿಯನ್ನು ಸಡಿಲಿಸಿ; ದಿಣ್ಣೆ ದಾಟಿದ ಮೇಲೆ ಮೂತಿ ಎರಡನೇ ಸಲ ಕುಣಿದರೆ ಮರಳುವ ಬದಿಯನ್ನು ಬಿಗಿ ಮಾಡಿ. ಸಾಲುಸಾಲು ಉಬ್ಬುಗಳಲ್ಲಿ ಗಾಡಿ ಕ್ರಮೇಣ ಕೆಳಗೆ ಕುಸಿಯುತ್ತ ಗಟ್ಟಿಯಾದರೆ ಮರಳುವ ಬಿಗಿ ಅತಿಯಾಗಿದೆ.

ರಸ್ತೆಗಿಳಿಯುವ ಮುನ್ನ

ಸ್ಟೇರಿಂಗ್ ಎರಡೂ ಕೊನೆಗೆ ತಿರುಗಿಸಿ ಟೈರ್, ಬ್ರೇಕ್ ಹೋಸ್, ಎ.ಬಿ.ಎಸ್. ವೈರ್, ಶಾಕಿನ ಹೊರ ಟ್ಯಾಂಕಿನ ಹೋಸ್ ಯಾವುದೂ ತಾಗುತ್ತಿಲ್ಲವೆಂದು ನೋಡಿ. ವೀಲ್ ಅಲೈನ್‌ಮೆಂಟ್ ಅದೇ ದಿನ ಆಗಬೇಕು, ಅದೂ ಎತ್ತರ ಅಂತಿಮವಾದ ಮೇಲೆ. ಮೂತಿ ಎದ್ದಾಗ ಟೋ (ಚಕ್ರಗಳ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ), ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಎರಡೂ ಕದಲುತ್ತವೆ, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೇರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಟೋ ಮಾತ್ರ ಸರಿಮಾಡಿ ಕಳಿಸಿದರೆ ಟೈರ್ ಉಳಿಯುತ್ತದೆ, ಆದರೆ ವೇಗದಲ್ಲಿ ಗಾಡಿ ಅಲೆದಾಡುತ್ತದೆ, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ಮರಳುವುದಿಲ್ಲ. ಕ್ಯಾಸ್ಟರ್ ಕಂಪನಿಯ ಮಿತಿಯೊಳಗೆ ಬರಲಿ, ಎಡಬಲ ಅರ್ಧ ಡಿಗ್ರಿಗಿಂತ ಹೆಚ್ಚು ಬೇರೆಯಿರದಿರಲಿ. ಕ್ಯಾಮ್ ಬೋಲ್ಟ್ ಕೊನೆ ಮುಟ್ಟಿದರೂ ಅಲ್ಲಿಗೆ ಬಾರದಿದ್ದರೆ ಎರಡೇ ದಾರಿ: ಎತ್ತರ ಇಳಿಸಿ, ಇಲ್ಲವೇ ಮೇಲಿನ ಆರ್ಮ್ ಬದಲಿಸಿ. ಹೆಡ್‌ಲೈಟನ್ನೂ ಕೆಳಗಿಳಿಸಿ, ಎದುರಿಗೆ ಬರುವವರಿಗೂ ಕಣ್ಣಿದೆ. ಗಾಜಿನ ಹಿಂದೆ ಕ್ಯಾಮೆರಾ ಇರುವ ಗಾಡಿಗಳಿಗೆ ಅದರ ಕ್ಯಾಲಿಬ್ರೇಷನ್ ಬೇಕಾಗಬಹುದು.

ಮೊದಲ ನೂರು ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್‌ಗಳೂ ಸೇರಿ ಬಿಚ್ಚಿದ ಎಲ್ಲ ಬೋಲ್ಟುಗಳ ಮೇಲೆ ಟಾರ್ಕ್ ವ್ರೆಂಚ್ ಇಟ್ಟು ನೋಡಿ. ಸಾವಿರದ ಹೊತ್ತಿಗೆ ಸ್ಪ್ರಿಂಗ್ ಒಂದಿಷ್ಟು ಕೂತಿರುತ್ತದೆ. ಮತ್ತೆ ಅಳೆದು, ಬದಲಾವಣೆ 5 ಮಿ.ಮೀ. ದಾಟಿದ್ದರೆ ರಿಂಗ್ ಸರಿಪಡಿಸಿ ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ. ಕೆಸರಿನ ಓಡಾಟವಾದ ಪ್ರತಿ ಸಲ ರಿಂಗಿನ ಮೇಲಿನ ಥ್ರೆಡ್ಡಿಗೆ ನೀರು ಹೊಡೆಯಿರಿ. ಒಳಗೆ ಒಣಗಿದ ಮಣ್ಣು ಕಾಂಕ್ರೀಟಿನಂತೆ ಕೂತರೆ ಮುಂದೆ ರಿಂಗ್ ಅಲ್ಲಾಡುವುದಿಲ್ಲ, ಅಡ್ಜಸ್ಟಬಲ್ ಎಂಬುದು ಹೆಸರಿಗಷ್ಟೇ ಉಳಿಯುತ್ತದೆ.