ಅಪ್ರೈಸಲ್‌ಗೆ ದಿನಕ್ಕೊಂದು ಸಾಲು

ಬ್ರಿಟನ್ನಿನಲ್ಲಿ ಜಿಪಿ (ಕುಟುಂಬ ವೈದ್ಯರು) ಆಗಿರುವ ಗೆಳೆಯರೇ, ವರ್ಷದ ಅಪ್ರೈಸಲ್‌ಗೆ, ಅಂದರೆ ಇನ್ನೊಬ್ಬ ವೈದ್ಯರ ಜೊತೆ ಕೂತು ನಮ್ಮ ಕೆಲಸ, ಕಲಿಕೆ ಪರಿಶೀಲಿಸುವ ಮಾತುಕತೆಗೆ, ಕೊನೇ ವಾರ ಕೂತು ಬರೆಯಬೇಡಿ. ಕ್ಲಿನಿಕ್ ಮುಗಿದ ಕೂಡಲೇ, ಕೋಟು ಹಾಕಿಕೊಳ್ಳುವ ಮೊದಲೇ, ಫೋನಿನಲ್ಲಿ ಒಂದು ಸಾಲು ಬರೆದಿಡಿ: ಇವತ್ತು ಯಾವುದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ? ‘ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತುಂಬಾ ವರ್ಷದಿಂದ ತಗೊಳ್ತಿರುವವರಿಗೆ ವಿಟಮಿನ್ ಬಿ12 ಮಟ್ಟ ಯಾವಾಗ ನೋಡಬೇಕು?’ ಇಷ್ಟು ಸಾಕು. ವಾರಕ್ಕೆ ಒಂದು ಪ್ರಶ್ನೆಗೆ ಉತ್ತರ ಹುಡುಕಿ ಓದಿ, ಅದರ ಕೆಳಗೆ ಏನು ಬದಲಾಯಿಸಿಕೊಂಡಿರಿ ಅಂತ ಸೇರಿಸಿ. ವರ್ಷಕ್ಕೆ 50 ಗಂಟೆ ಕಲಿಕೆ ತೋರಿಸುವುದು ರೂಢಿ. ಆದರೆ ಅಪ್ರೈಸರ್ ಕೂಡ ನಮ್ಮಂಥ ವೈದ್ಯರೇ ಅಲ್ವಾ, ಸರ್ಟಿಫಿಕೇಟಿನ ಕಟ್ಟಿಗಿಂತ ಇಂಥ ಸಾಲಿನ ಮೇಲೆ ಮಾತು ಚೆನ್ನಾಗಿ ಬೆಳೆಯುತ್ತದೆ. ಪ್ರಶ್ನೆ ನಿಜವಾದ ರೋಗಿಯಿಂದ ಬಂದಿರುವುದರಿಂದ ಓದಿದ್ದು ನೆನಪಿನಲ್ಲೂ ಉಳಿಯುತ್ತದೆ. ರೋಗಿಯ ಹೆಸರು, ಹುಟ್ಟಿದ ದಿನ ಮಾತ್ರ ಬೇಡವೇ ಬೇಡ. ಒಂದು ಕಡೆ ಇದು ಕೈಕೊಡುತ್ತದೆ: ನಮಗೇ ಕಾಣದ ತಪ್ಪುಗಳು ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಸಹೋದ್ಯೋಗಿಗಳ, ರೋಗಿಗಳ ಫೀಡ್‌ಬ್ಯಾಕ್ ಬೇಕು. ವೈದ್ಯರ ಪರವಾನಗಿ ಮುಂದುವರಿಸುವ 5 ವರ್ಷದ ರಿವ್ಯಾಲಿಡೇಶನ್ ಸುತ್ತಿನಲ್ಲಿ ಒಮ್ಮೆಯಾದರೂ ಅದು ಬೇಕೇ ಬೇಕು. ಕೊನೇ ವರ್ಷಕ್ಕೆ ತಳ್ಳದೆ ಎರಡು ಮೂರನೇ ವರ್ಷದಲ್ಲೇ ಮುಗಿಸಿಕೊಳ್ಳಿ.