ಗುಡ್ಡೆಯ ಸಾರವೆಲ್ಲ ತೋಟಕ್ಕೆ ಹೋದರೆ ಹುಲ್ಲಿಗೇನು ಉಳಿಯಿತು?

ಕಾಸರಗೋಡಿನ ಮುರಕಲ್ಲು (ಜಂಬಿಟ್ಟಿಗೆ) ಗುಡ್ಡೆಗಳಲ್ಲಿ ಹುಲ್ಲು ವರ್ಷದಿಂದ ವರ್ಷಕ್ಕೆ ಸೊರಗುತ್ತಿದ್ದರೆ ಮಳೆಯನ್ನು ಮಾತ್ರ ದೂರಬೇಡಿ. ಹಗಲು ಗುಡ್ಡೆಯಲ್ಲಿ ಮೇದ ದನ ರಾತ್ರಿ ಹಟ್ಟಿಯಲ್ಲಿ ಮಲಗುತ್ತದೆ. ಅಲ್ಲಿನ ಗೊಬ್ಬರ ಅಡಿಕೆ ತೋಟ ಸೇರುತ್ತದೆ. ಕಾಸರಗೋಡು ಗಿಡ್ಡ ಎಂಬ ಸಣ್ಣ ತಳಿಯ ಒಂದು ದನ ದಿನಕ್ಕೆ ಒಣತೂಕದಲ್ಲಿ 4 ಕಿಲೊ ಹುಲ್ಲು ತಿಂದು, ಆ ಹುಲ್ಲಿನಲ್ಲಿ ಶೇ 8 ಪ್ರೋಟೀನ್ ಇದ್ದರೆ, ಆ ಪ್ರೋಟೀನಿನ ಮೂಲಕ 50 ಗ್ರಾಂ ಸಾರಜನಕ ಹೊಟ್ಟೆಗೆ ಹೋಯಿತು. 40 ಗ್ರಾಂನಷ್ಟು ಸೆಗಣಿ, ಗಂಜಲವಾಗಿ ಹೊರಬರುತ್ತದೆ. ಅರ್ಧ ಹಟ್ಟಿಯಲ್ಲಿ ಬಿದ್ದರೂ ವರ್ಷಕ್ಕೆ 7 ಕಿಲೊ, ಅಂದರೆ 15 ಕಿಲೊ ಯೂರಿಯಾದಷ್ಟು, ಒಂದು ದನದ ಲೆಕ್ಕದಲ್ಲೇ ಗುಡ್ಡೆ ಬಿಟ್ಟು ಹೋಗುತ್ತದೆ.

ಮೊದಲ ಕೆಲಸ ಸುಣ್ಣ. ಈ ಮಣ್ಣು ಹುಳಿ. ಮೇ ನಡುವಿನ ಮಳೆ ಬಿದ್ದಾಗ ಎಕರೆಗೆ 200 ಕಿಲೊ ಎರಚಿ. ಸೆಗಣಿ ಗೊಬ್ಬರ, ಯೂರಿಯಾಗಳ ಜತೆ ಬೆರೆಸಬೇಡಿ. ಮೂಗಿಗೆ ಘಾಟು ಹೊಡೆಯಿತೆಂದರೆ ಸಾರಜನಕ ಅಮೋನಿಯವಾಗಿ ಹಾರುತ್ತಿದೆ.

ಎರಡು ವಾರ ಬಿಟ್ಟು, ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ಆಚರಣೆಯ ದಿನ) ಕಳೆದ ಮೇಲೆ, ಸ್ಟೈಲೋ ಬಿತ್ತಿ. ಗಾಳಿಯ ಸಾರಜನಕವನ್ನು ಬೇರಿಗಿಳಿಸುವ ಈ ದ್ವಿದಳ ಮೇವು ಹುಳಿ ಮಣ್ಣನ್ನೂ ತಾಳುತ್ತದೆ. ಬೀಜದ ಸಿಪ್ಪೆ ಮಾತ್ರ ಬಲು ಗಟ್ಟಿ, ಹಾಗೇ ಎರಚಿದರೆ ಬಹುಪಾಲು ಮೊಳೆಯುವುದಿಲ್ಲ. 80 ಡಿಗ್ರಿಯ ನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು ಬಸಿದು, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ. ಕುದಿಯುವ ನೀರಾದರೆ ಬೀಜ ಬೆಂದೇ ಹೋಗುತ್ತದೆ. ಎಕರೆಗೆ 2 ಕಿಲೊ ಬೀಜ, ಜತೆಗೆ 100 ಕಿಲೊ ರಾಜ್‌ಫಾಸ್ ಎಂಬ ಶಿಲಾರಂಜಕ ಗೊಬ್ಬರ. ರಂಜಕವಿಲ್ಲದೆ ಬೇರಿನ ಗಂಟು ಕಟ್ಟದು. ಇಳಿಜಾರಿಗೆ ಅಡ್ಡಲಾಗಿ ಸಣ್ಣ ಗೀರು ತೆಗೆದು ಬಿತ್ತಿ, ತೆಳ್ಳಗೆ ಮಣ್ಣು ಮುಚ್ಚಿದರೆ ಸಾಕು. ಒಂದು ಸೆಂಟಿಮೀಟರಿಗಿಂತ ಆಳ ಬೇಡ.

ಎರಡು ತಿಂಗಳಾದಾಗ ಒಂದು ಗಿಡವನ್ನು ಮಣ್ಣಿನ ಸಮೇತ ಅಗೆದು ಬೇರಿನ ಗಂಟನ್ನು ಉಗುರಿನಲ್ಲಿ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆದಿದೆ. ಬಿಳಿಯೋ ಹಸಿರೋ ಇದ್ದರೆ ಗಂಟು ಇದ್ದೂ ಇಲ್ಲದಂತೆ: ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ರೈಜೋಬಿಯಂ ತಕ್ಕದ್ದಲ್ಲ, ಇಲ್ಲವೇ ರಂಜಕ ಸಾಲದು. ಮೊದಲ ವರ್ಷ ಸ್ಟೈಲೋ ಬೀಜ ಉದುರಿಸುವವರೆಗೂ ದನ ಬಿಡಬೇಡಿ. ಮುಂದಿನ ಮಳೆಗೆ ಅದೇ ಬೀಜ ಮೊಳೆಯುತ್ತದೆ.

ಆಮೇಲೆ ಗುಡ್ಡೆಯನ್ನು ಐದಾರು ಪಾಲು ಮಾಡಿ ಸರದಿಯಲ್ಲಿ ಮೇಯಿಸಿ. ಹುಲ್ಲು ಒಂದು ಗೇಣಿಗಿಂತ ತಗ್ಗುವ ಮೊದಲೇ ದನವನ್ನು ದಾಟಿಸಿ, ತಿಂಗಳು ಬಿಡುವು ಕೊಡಿ. ನೀರಿನ ತೊಟ್ಟಿಯನ್ನು ಆಗಾಗ ಜಾಗ ಬದಲಿಸಿ. ಇಲ್ಲದಿದ್ದರೆ ಸೆಗಣಿಯೆಲ್ಲ ತೊಟ್ಟಿಯ ಸುತ್ತ, ಮರದ ನೆರಳಲ್ಲೇ ರಾಶಿ ಬೀಳುತ್ತದೆ.

ಹಟ್ಟಿಗೆ ಹೋದದ್ದರಲ್ಲೂ ಒಂದು ಪಾಲು ವಾಪಸು ಬರಬೇಕು. ಸಾರಜನಕದ ಅರ್ಧಕ್ಕೂ ಹೆಚ್ಚು ಹಲವು ಸಲ ಗಂಜಲದಲ್ಲೇ ಇರುತ್ತದೆ. ಕಾಂಕ್ರೀಟ್ ನೆಲ ತೊಳೆದು ಚರಂಡಿಗೆ ಬಿಡುವವರು ಅದನ್ನೇ ಬಿಡುತ್ತಿದ್ದಾರೆ. ಹಟ್ಟಿಗೆ ಸೊಪ್ಪು ಹಾಸುವ ಹಳೆಯ ಪದ್ಧತಿಯೇ ಇಲ್ಲಿ ಸರಿ, ಗಂಜಲ ಹೀರುತ್ತದೆ. ಆ ಗೊಬ್ಬರದ ಮೂರನೇ ಒಂದು ಪಾಲನ್ನು ಸೋಣ ತಿಂಗಳಲ್ಲಿ (ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ), ಮಳೆ ಕಡಿಮೆಯಾದ ಮೇಲೆ, ಗುಡ್ಡೆಗೆ ಹಾಕಿ. ಅದಕ್ಕೆ ಹಿಂದಿನ ತಿಂಗಳಾದ ಆಟಿಯ ಜೋರು ಮಳೆಗೆ ಹಾಕಿದ್ದು ನೈಟ್ರೇಟ್ ಆಗಿ ಮುರಕಲ್ಲಿನ ಸಂದಿಗಿಳಿದು ಹೋಗುತ್ತದೆ.

ಬರೀ ಹುಲ್ಲಿರುವ ಪಾಲಿಗೆ ಮಾತ್ರ ಎಕರೆಗೆ 20 ಕಿಲೊ ಯೂರಿಯಾ, ಹದ ಮಣ್ಣಿಗೆ. ಸ್ಟೈಲೋ ಇದ್ದಲ್ಲಿ ಬೇಡ, ಹುಲ್ಲು ಬೆಳೆದು ಅದನ್ನು ಮುಚ್ಚುತ್ತದೆ. ಬೇಸಗೆಯಲ್ಲಿ ಗುಡ್ಡೆಯ ಒಣಗಿದ ಮುಳಿಹುಲ್ಲಿಗೆ ಬೆಂಕಿ ಹಚ್ಚಿದರೆ ಪೊಟ್ಯಾಷ್ ಬೂದಿಯಲ್ಲಿ ಉಳಿದೀತು, ಸಾರಜನಕದ ಬಹುಪಾಲು ಹೊಗೆಯ ಜತೆ ಹೋಗುತ್ತದೆ. ಬೆಂಕಿಯ ಬದಲು ಡಿಸೆಂಬರಿನಲ್ಲೇ ಕೊಯ್ದು ಹಟ್ಟಿಗೆ ಹಾಸಿ.