ಮಡಿಕೇರಿ ಚಳಿಲಿ ಜಿಂಜರ್ ಬಿಯರ್ ಮಾಡೋದು ಹೇಗೆ

ಮನೇಲೇ ಬಿಯರ್ ಮಾಡಬೇಕು ಅನ್ನೋ ಹುಚ್ಚು ಈಗ ಸುಮಾರು ಜನಕ್ಕೆ ಹತ್ತಿದೆ, ವಿಡಿಯೋ ನೋಡ್ತಾರೆ, ಆನ್‌ಲೈನಲ್ಲಿ ಮಾಲ್ಟು, ಹಾಪ್ಸು, ಯೀಸ್ಟು ಅಂತ ರೇಟ್ ಹುಡುಕ್ತಾರೆ, ಅಲ್ಲಿಗೆ ಕಥೆ ನಿಲ್ಲುತ್ತೆ. ನಿಂತಿದ್ದೇ ಒಳ್ಳೇದಾಯ್ತು ಅನ್ನಿ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋ ಹಾಗಿಲ್ಲ, ಮಡಿಕೇರಿ ಪೇಟೇಲಿ ಹೋಮ್ ಮೇಡ್ ವೈನ್ ಬೋರ್ಡುಗಳು ಕಾಣುತ್ತೆ ಅಂತ ನಮಗೂ ನಡೆಯುತ್ತೆ ಅಂದ್ಕೋಬೇಡಿ. ಆದ್ರೆ ಕೈ ಪಳಗಿಸೋಕೆ ಜಿಂಜರ್ ಬಿಯರ್ ಇದೆಯಲ್ಲ, ಶುಂಠಿ ಸಕ್ಕರೆ ನೀರನ್ನ ಹುದುಗಿಸಿ ಮಾಡೋ ಗ್ಯಾಸ್ ತುಂಬಿದ ಪಾನೀಯ. ಯೀಸ್ಟ್ ಸಾಕೋದು, ಪಾತ್ರೆ ಚೊಕ್ಕಟ ಇಡೋದು, ಬಾಟಲಿ ಗ್ಯಾಸ್ ಲೆಕ್ಕ, ಬಿಯರ್ ಮಾಡೋನು ಕಲೀಬೇಕಾದ್ದರಲ್ಲಿ ಮುಕ್ಕಾಲು ಪಾಲು ಇದರಲ್ಲೇ ಬಂತು, ಖರ್ಚು ಅಂದ್ರೆ ಶುಂಠಿ ಸಕ್ಕರೆ ಅಷ್ಟೇ.

ಕಾಫಿ ಬೆಳೆಯೋರಿಗೆ ಒಂದು ಮಾತು ಹೇಳಿಬಿಡ್ತೀನಿ. ಈ ಜಿಂಜರ್ ಬಿಯರ್ ಒಳಗೆ ಏನು ನಡೆಯುತ್ತೆ ಅಂತ ಮೊದಲು ಸರಿಯಾಗಿ ಬಿಡಿಸಿ ನೋಡಿದವನು ಹ್ಯಾರಿ ಮಾರ್ಷಲ್ ವಾರ್ಡ್ ಅನ್ನೋ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ. ಅದಕ್ಕೂ ಮುಂಚೆ, 1880ರಿಂದ 1882ರವರೆಗೆ ಸಿಲೋನಿನಲ್ಲಿ ಕಾಫಿ ಎಲೆ ತುಕ್ಕು ರೋಗದ ಬೆನ್ನು ಹತ್ತಿದ್ದವನೂ ಇವನೇ, ನಾವು ಇವತ್ತಿಗೂ ಬೋರ್ಡೋ ದ್ರಾವಣ ಹೊಡೀತಿರೋ ಅದೇ ರೋಗ. 1892ರಲ್ಲಿ ಅವನು ಪ್ರಕಟಿಸಿದ್ದು ಏನಂದ್ರೆ, ಇಂಗ್ಲೆಂಡಿನ ಮನೆಗಳಲ್ಲಿ ಜಿಂಜರ್ ಬಿಯರಿಗೆ ಹಾಕ್ತಿದ್ದ ಲೋಳೆ ಲೋಳೆ ಕಾಳುಗಳಲ್ಲಿ ಒಂದು ಯೀಸ್ಟೂ ಒಂದು ಬ್ಯಾಕ್ಟೀರಿಯಾನೂ ಜೋಡಿಯಾಗಿ ಸಂಸಾರ ಮಾಡ್ತಿವೆ ಅಂತ. ಆ ಕಾಳು ನಮ್ಮಲ್ಲಿ ಸಿಗಲ್ಲ, ಬೇಕಾಗೂ ಇಲ್ಲ. ಶುಂಠಿ ಸಿಪ್ಪೆ ಮೇಲೇ ಯೀಸ್ಟು, ಬ್ಯಾಕ್ಟೀರಿಯಾ ಎರಡೂ ಇರುತ್ತೆ, ಅದನ್ನ ಎಬ್ಬಿಸಿದ್ರೆ ಸಾಕು.

ಮೊದಲು ಶುಂಠಿ

ಶನಿವಾರಸಂತೆ, ಕೊಡ್ಲಿಪೇಟೆ ಕಡೆಯೋರಿಗೆ ಶುಂಠಿ ಎಲ್ಲಿಂದ ತರೋದು ಅಂತ ಹೇಳಿಕೊಡೋದೇ ತಮಾಷೆ. ಮಡಿಕೇರಿಯೋರು ಶುಕ್ರವಾರದ ಸಂತೇಲಿ ತಗೊಳ್ಳಿ, ಆದ್ರೆ ತಳತಳ ಅಂತ ತೊಳೆದು ಬಿಳುಚಿಕೊಂಡಿರೋದು ಬೇಡ, ಮಣ್ಣು ಮೆತ್ತಿಕೊಂಡಿರೋದೇ ನೋಡಿ. ಕೊಳೆ ರೋಗಕ್ಕೆ ಅಂತ ಗದ್ದೇಲಿ ಔಷಧಿ ಜಾಸ್ತಿ ಹೊಡೆದಿರೋ ಶುಂಠಿ ಆದ್ರೆ ಸ್ಟಾರ್ಟರ್ (ಯೀಸ್ಟ್ ಎಬ್ಬಿಸೋಕೆ ಮೊದಲು ಮಾಡಿಕೊಳ್ಳೋ ಶುಂಠಿ ಸಕ್ಕರೆ ನೀರು) ಏಳೋದೇ ಇಲ್ಲ, ವಾರ ಕಾದ್ರೂ ಒಂದು ಗುಳ್ಳೆ ಕಾಣಲ್ಲ, ಜನ ತಮ್ಮ ಕೈಗುಣ ಸರಿ ಇಲ್ಲ ಅಂದ್ಕೋತಾರೆ. ಹಿತ್ತಲಲ್ಲಿ ಬೆಳೆದಿದ್ದು ಸಿಕ್ಕಿದ್ರೆ ಅದಕ್ಕಿಂತ ಬೇರೆ ಬೇಡ. ಮಣ್ಣು ಹೋಗೋ ಹಾಗೆ ತೊಳೀರಿ, ಸಿಪ್ಪೆ ಮಾತ್ರ ಕೆರೀಬೇಡಿ.

ಸ್ಟಾರ್ಟರ್

ಅಗಲ ಬಾಯಿಯ ಗಾಜಿನ ಭರಣಿಗೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರು, ಸಿಪ್ಪೆ ಸಮೇತ ತುರಿದ ಶುಂಠಿ ಎರಡು ದೊಡ್ಡ ಚಮಚ, ಸಕ್ಕರೆ ಎರಡು ದೊಡ್ಡ ಚಮಚ ಹಾಕಿ ಕಲಸಿ. ಬಾಯಿಗೆ ತೆಳು ಬಟ್ಟೆ ಕಟ್ಟಿ. ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕ್ತಾ ಕಲಕ್ತಾ ಇರಿ. ನಲ್ಲಿ ನೀರಲ್ಲಿ ಕ್ಲೋರಿನ್ ಇರಬಹುದು, ಅದಕ್ಕೇ ಕುದಿಸೋದು.

25 ಡಿಗ್ರಿ ಇರೋ ಕಡೆ ಐದಾರು ದಿನಕ್ಕೆ ಕಲಕಿದಾಗ ಚುಸ್ ಅಂತ ನೊರೆ ಬರುತ್ತೆ. ಕುಶಾಲನಗರದಲ್ಲಿ ಬೇಸಿಗೇಲಿ ಇನ್ನೂ ಬೇಗ. ಜುಲೈ ಮಳೇಲಿ ಮಡಿಕೇರಿ ಮನೆ ಒಳಗೆ 20ರ ಆಸುಪಾಸೇ ಇರೋದ್ರಿಂದ ಹತ್ತು ದಿನ ಹಿಡಿದ್ರೂ ಗಾಬರಿ ಬೇಡ, ಒಲೆ ಇರೋ ಅಡುಗೆಮನೆ ಅಟ್ಟದ ಮೇಲೋ ಫ್ರಿಜ್ಜಿನ ತಲೆ ಮೇಲೋ ಇಡಿ. ವಾಸನೆ ಹುಳಿ ಹುಳಿ, ಖಾರ ಖಾರ ಇರಬೇಕು. ಮೇಲೆ ಹಸಿರೋ ಕಪ್ಪೋ ರೋಮದ ಥರ ಬೂಷ್ಟು ಬಂತು ಅಂದ್ರೆ ಅದನ್ನ ಚಮಚದಲ್ಲಿ ತೆಗೆದು ಮುಂದುವರಿಸೋ ಜಿಪುಣತನ ಬೇಡ, ಪೂರ್ತಿ ಚೆಲ್ಲಿ ಹೊಸದಾಗಿ ಶುರು ಮಾಡಿ.

ಕಾಯಿಸೋದು

ಇದು ಸುಲಭ. ಒಂದು ಲೀಟರ್ ನೀರಿಗೆ 100 ಗ್ರಾಂ ಜಜ್ಜಿದ ಶುಂಠಿ, 200 ಗ್ರಾಂ ಸಕ್ಕರೆ ಹಾಕಿ ಕಾಲು ಗಂಟೆ ಕುದಿಸಿ, ಇಳಿಸಿ, ಇನ್ನೊಂದು ಲೀಟರ್ ಕುದಿಸಿ ಆರಿಸಿದ ನೀರು ಸೇರಿಸಿ, ಸೋಸಿ. ಎರಡು ನಿಂಬೆಹಣ್ಣಿನ ರಸ. ನಮ್ಮೂರಲ್ಲಿ ಹುಳಿ ಅಂದ ಕೂಡಲೇ ಕಾಚಂಪುಳಿ ಬಾಟಲಿ ಕಡೆ ಕೈ ಹೋಗುತ್ತೆ, ಅದು ಪಂದಿ ಕರಿಗೇ ಇರಲಿ. ಪಾತ್ರೆ ಮುಟ್ಟಿದ್ರೆ ಬಿಸಿ ಅನ್ನಿಸಲೇಬಾರದು, ಅಷ್ಟು ಆರಿದ ಮೇಲೇ ಅರ್ಧ ಕಪ್ ಸೋಸಿದ ಸ್ಟಾರ್ಟರ್ ಹಾಕಿ. ಬಿಸಿಗೆ ಹಾಕಿದ್ರೆ ಯೀಸ್ಟ್ ಸತ್ತೇ ಹೋಗುತ್ತೆ, ಆಮೇಲೆ ಅದು ಬರೀ ಶುಂಠಿ ಶರಬತ್ತು.

ಬಾಟಲಿ ವಿಷಯ ಮಾತ್ರ ನಿಧಾನಕ್ಕೆ ಓದಿ

ಅಪಾಯ ಏನಾದ್ರೂ ಇದ್ರೆ ಇಲ್ಲೇ. ಒಂದು ಲೀಟರಲ್ಲಿ 4 ಗ್ರಾಂ ಸಕ್ಕರೆನ ಯೀಸ್ಟ್ ತಿಂದ್ರೆ ಹೆಚ್ಚುಕಡಿಮೆ ಒಂದು ಲೀಟರ್ ಗ್ಯಾಸ್ ಹುಟ್ಟುತ್ತೆ. ಅಂಗಡಿ ಸೋಡಾದಷ್ಟು ಚುರ್ ಅನ್ನಬೇಕಾದ್ರೆ ಲೀಟರಿಗೆ ಮೂರೂವರೆ-ನಾಲ್ಕು ಲೀಟರ್ ಗ್ಯಾಸ್ ಬೇಕು, ಅಂದ್ರೆ ಸುಮಾರು 15 ಗ್ರಾಂ ಸಕ್ಕರೆ ಖರ್ಚಾದ್ರೆ ಸಾಕು. ನಾವು ಹಾಕಿರೋದು ಲೀಟರಿಗೆ 100 ಗ್ರಾಂ. ಉಳಿದ 85 ಗ್ರಾಂ ನಮ್ಮ ನಾಲಿಗೆಗೆ ಸಿಹಿ, ಯೀಸ್ಟಿಗೆ ಊಟ. ಮರೆತು ಹಾಗೇ ಬಿಟ್ರೆ ಅದು ತಿಂತಾನೇ ಇರುತ್ತೆ, ಪೂರ್ತಿ ತಿಂದು ಮುಗಿಸಿದ್ರೆ ಲೆಕ್ಕಕ್ಕೆ 25 ಲೀಟರ್ ಗ್ಯಾಸ್, ಅಷ್ಟೊತ್ತಿಗೆ ಬಾಟಲಿ ಎಲ್ಲಿರುತ್ತೋ.

ಅದಕ್ಕೆ ಶುರುವಲ್ಲಿ ಗಾಜು ಬೇಡವೇ ಬೇಡ. ಜಾಮ್ ಬಾಟಲಿ, ವೈನ್ ಬಾಟಲಿ, ಜೇನು ತುಂಬಿಸಿದ್ದ ಬಾಟಲಿ ಯಾವುದೂ ಈ ಒತ್ತಡಕ್ಕೆ ಮಾಡಿದ್ದಲ್ಲ, ಒಡೆದ್ರೆ ಕಣ್ಣಿಗೇ ಬರುತ್ತೆ. ಸೋಡಾ, ಕೂಲ್ ಡ್ರಿಂಕ್ ಬಂದಿದ್ದ ಪ್ಲಾಸ್ಟಿಕ್ ಬಾಟಲಿನೇ ಬೆಸ್ಟ್, ಮಿನರಲ್ ವಾಟರಿನ ತೆಳು ಬಾಟಲಿ ಅಲ್ಲ. ಉಗುರು ಬೆಚ್ಚಗಿನ ನೀರಲ್ಲೇ ತೊಳೀರಿ, ಕುದಿಯೋ ನೀರು ಹುಯ್ದ್ರೆ ಮುದುಡಿ ಹೋಗುತ್ತೆ. ಮೇಲೆ ಮೂರು ನಾಲ್ಕು ಬೆರಳು ಜಾಗ ಬಿಟ್ಟು ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಫ್ರಿಜ್ಜಿನ ಹೊರಗೇ ಇಡಿ. ದಿನಕ್ಕೆರಡು ಸಲ ಬಾಟಲಿ ಹಿಸುಕಿ ನೋಡಿ. ಹೊಸ ಸೋಡಾ ಬಾಟಲಿ ಎಷ್ಟು ಗಟ್ಟಿ ಇರುತ್ತೋ ಅಷ್ಟಾದ ತಕ್ಷಣ ಫ್ರಿಜ್ಜಿಗೆ. ಬೇಸಿಗೇಲಿ ಎರಡೇ ದಿನ, ಮಳೆಗಾಲದಲ್ಲಿ ಐದು ದಿನವೂ ಆಗಬಹುದು, ಕ್ಯಾಲೆಂಡರ್ ನಂಬಬೇಡಿ ಕೈ ನಂಬಿ.

ಫ್ರಿಜ್ಜಲ್ಲಿ ಯೀಸ್ಟ್ ಮಲಗುತ್ತೆ ಅಷ್ಟೇ, ಸಾಯಲ್ಲ. ನಮ್ಮ ಕಡೆ ಜೋರು ಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದೇ ಇರೋದು ಹೊಸದಲ್ಲ, ಬೇರೆ ಊರಿನ ರೆಸಿಪಿಗಳಲ್ಲಿ ಇದು ಬರೆದಿರಲ್ಲ. ಕರೆಂಟ್ ಹೋಗಿ ಅರ್ಧ ದಿನ ಆಯ್ತಾ, ಬಾಟಲಿಗಳನ್ನ ಆಚೆ ತೆಗೆದು ಮುಚ್ಚಳ ನಿಧಾನಕ್ಕೆ ಸಡಿಲಿಸಿ ಗ್ಯಾಸ್ ಬಿಡಿ, ಇಲ್ಲಾ ಅವತ್ತೇ ಕುಡಿದು ಮುಗಿಸಿ. ಕರೆಂಟ್ ಇದ್ರೂ ಎರಡು ವಾರದ ಒಳಗೆ ಖಾಲಿ ಮಾಡೋದು ಒಳ್ಳೇದು.

ಆಲ್ಕೋಹಾಲ್ ಇರುತ್ತಾ? ಇರುತ್ತೆ, ಸೊನ್ನೆ ಅಲ್ಲ. ಯೀಸ್ಟ್ ತಿಂದ ಸಕ್ಕರೇಲಿ ಹತ್ತಿರ ಹತ್ತಿರ ಅರ್ಧ ಗ್ಯಾಸ್ ಆಗುತ್ತೆ, ಅರ್ಧ ಆಲ್ಕೋಹಾಲ್. ಸರಿಯಾದ ಹೊತ್ತಿಗೆ ಫ್ರಿಜ್ಜಿಗೆ ಹೋಗಿದ್ರೆ ಶೇಕಡ 1ರ ಆಸುಪಾಸು, ತಡ ಆದಷ್ಟೂ ಜಾಸ್ತಿ. ಮಕ್ಕಳಿಗೆ, ಬಸುರಿಯರಿಗೆ, ಮದ್ಯ ಮುಟ್ಟದೇ ಇರೋರಿಗೆ ಕೇಳದೆ ಕೊಡಬೇಡಿ. ಮಾರೋ ಯೋಚನೆ ಅಂತೂ ಬೇಡ.

ಒಂದೆರಡು ಸಲ ಕೈ ಕೂತ ಮೇಲೆ ಆಟ ಆಡಬಹುದು. ಕುದಿಯೋವಾಗ ತೋಟದ ಕರಿಮೆಣಸು ಹತ್ತು ಕಾಳು ಜಜ್ಜಿ ಹಾಕಿದ್ರೆ ಗಂಟಲಲ್ಲಿ ಬೇರೇನೇ ಖಾರ, ನನ್ನ ಓಟು ಇದಕ್ಕೇ. ಏಲಕ್ಕಿ ಎರಡು ಸಾಕು, ಮೂರಾದ್ರೆ ಪಾಯಸ. ಕೊಡಗಿನ ಕಿತ್ತಳೆ ಸಿಕ್ಕೋ ಕಾಲದಲ್ಲಿ ನಿಂಬೆ ಅರ್ಧ ಮಾಡಿ ಕಿತ್ತಳೆ ರಸ ಹಾಕಿ, ಅದರಲ್ಲೂ ಸಕ್ಕರೆ ಇರುತ್ತೆ ಅನ್ನೋದು ಲೆಕ್ಕದಲ್ಲಿರಲಿ. ಬೆಲ್ಲದಲ್ಲೂ ಆಗುತ್ತೆ, ಬಣ್ಣ ಮಾತ್ರ ಕಾಫಿ ಕಷಾಯದ್ದು.

ಸ್ಟಾರ್ಟರ್ ಉಳೀತಲ್ಲ, ತೆಗೆದಷ್ಟು ನೀರು ವಾಪಸ್ ಹುಯ್ದು ಶುಂಠಿ, ಸಕ್ಕರೆ ಕೊಟ್ಟು ಫ್ರಿಜ್ಜಲ್ಲಿಡಿ, ವಾರಕ್ಕೊಂದು ಸಲ ಒಂದು ಚಮಚ ತಿನ್ನಿಸಿದ್ರೆ ಬದುಕಿರುತ್ತೆ. ಮತ್ತೆ ಮಾಡೋ ಎರಡು ದಿನ ಮುಂಚೆ ಆಚೆ ತೆಗೆದಿಡಿ, ನೊರೆ ಬಂದ ಮೇಲೇ ಶುಂಠಿ ಜಜ್ಜೋಕೆ ಕೂರಿ.